ಬೋಟಿನ ಮೇಲಿದ್ದವರ ಲೆಕ್ಕ

— ದಿನಗಟ್ಟಲೆ ಬೋಟಿನಲ್ಲೇ ಇದ್ದೆಯಂತೆ, ನಿನ್ನ ಅಮ್ಮ ಹೇಳಿದಳು. ನಾವೂ ಮಲ್ಪೆಯಿಂದ ಆಳಸಮುದ್ರಕ್ಕೆ ಹೊರಟರೆ ಹತ್ತು ಹನ್ನೆರಡು ದಿನ ದಡದ ಮುಖ ನೋಡುತ್ತಿರಲಿಲ್ಲ. ನಮಗೆ ಅದು ಹೊಟ್ಟೆಪಾಡು. ನೀನು ಕೈಯಿಂದ ದುಡ್ಡು ಹಾಕಿ ಹೋದದ್ದು ಎಂತಕ್ಕೆ ಮಾರಾಯ್ತಿ? ದ್ವೀಪ ಅಂದಮೇಲೆ ದಡದಲ್ಲೊಂದು ಲಾಡ್ಜ್ ಇರಲಿಲ್ಲವಾ?

— ಇಲ್ಲ ದೊಡ್ಡಪ್ಪ. ಕೋಕೋಸ್ ದ್ವೀಪದಲ್ಲಿ ಲಾಡ್ಜ್ ಇಲ್ಲ, ಅಂಗಡಿ ಇಲ್ಲ, ಊರೇ ಇಲ್ಲ. ಪಾರ್ಕಿನ ಕಾವಲುಗಾರರು, ಅವರಿಗೆ ನೆರವಾಗಲು ಸರದಿಯ ಮೇಲೆ ಬರುವ ಸ್ವಯಂಸೇವಕರು, ಅಷ್ಟೇ ಜನ. ಪ್ರವಾಸಿಗರು ಹಗಲು ಅಪ್ಪಣೆ ಪಡೆದು ಕಾಲಿಡಬಹುದು, ರಾತ್ರಿ ತಂಗುವ ಹಾಗಿಲ್ಲ. ಕೋಸ್ಟರಿಕಾದ ಪೆಸಿಫಿಕ್ ಕರಾವಳಿಯಿಂದ ಸುಮಾರು 550 ಕಿಲೋಮೀಟರ್ ಆಚೆ, ಹತ್ತಿರದಲ್ಲಿ ಬೇರೆ ನೆಲವೇ ಇಲ್ಲದ ಕಡೆ, ಸುಮಾರು 24 ಚದರ ಕಿಲೋಮೀಟರ್ ವಿಸ್ತಾರದ ಹಳೆಯ ಅಗ್ನಿಪರ್ವತದ ತುದಿ ಅದು. ಅಲ್ಲಿ ನೀರಿಗಿಳಿಯಬೇಕಾದರೆ ಬೋಟೇ ಮನೆ, ಬೋಟೇ ಅಡುಗೆಕೋಣೆ, ಸಿಲಿಂಡರಿಗೆ ಗಾಳಿ ತುಂಬುವ ಯಂತ್ರವೂ ಬೋಟಿನಲ್ಲೇ. ಇಂಥ ಪ್ರವಾಸಕ್ಕೆ ಲಿವ್‌ಅಬೋರ್ಡ್ ಅನ್ನುತ್ತಾರೆ.

— ಎಷ್ಟು ಹೊತ್ತಿನ ಹಾದಿ?

— ಪುಂತಾರೇನಾಸ್ ಅನ್ನುವ ಬಂದರಿನಿಂದ ಸುಮಾರು 36 ಗಂಟೆ.

— ಅಂದರೆ ಎಂಟು ನಾಟಿನ ಲೆಕ್ಕ. ನಮ್ಮ ಟ್ರಾಲ್ ಬೋಟಿನ ಓಟವೇ ಆಯ್ತು. ಕಡಲು ಹೇಗಿತ್ತು?

— ಎದ್ದಿತ್ತು. ಹಲವರು ಊಟದ ಕಡೆ ತಲೆ ಹಾಕಲಿಲ್ಲ. ಅಲ್ಲಿ ಮೇ ತಿಂಗಳಿನಿಂದ ನವೆಂಬರ್ ತನಕ ಮಳೆಗಾಲ. ಡಿಸೆಂಬರಿನಿಂದ ಏಪ್ರಿಲ್ ತನಕ ನೀರು ತಿಳಿ, ಅಲೆಯೂ ಕಡಿಮೆ. ಆದರೂ ಶಾರ್ಕ್ ನೋಡುವ ಆಸೆಯವರು ಮಳೆಗಾಲವನ್ನೇ ಆರಿಸುತ್ತಾರೆ. ಆಗ ನೀರಿನಲ್ಲಿ ಪ್ಲಾಂಕ್ಟನ್ ಹೆಚ್ಚು, ಸುತ್ತಿಗೆ ತಲೆಯ ಶಾರ್ಕ್‌ಗಳ ಹಿಂಡೂ ದೊಡ್ಡದು.

— ಅದು ನಮ್ಮಲ್ಲೂ ಹಾಗೆಯೇ. ಮಳೆಗಾಲದಲ್ಲಿ ತಳದ ತಣ್ಣೀರು ಮೇಲೆ ಬರುತ್ತದೆ, ಅದರ ಬೆನ್ನಿಗೇ ಬೂತಾಯಿ, ಬಂಗುಡೆ ದಡದ ಹತ್ತಿರ ಬರುತ್ತವೆ. ಕಡಲು ಒರಟಾದಾಗಲೇ ಅದರ ಹೊಟ್ಟೆ ತುಂಬಿರುವುದು. ಸರಿ, ಅಲ್ಲಿ ಮುಟ್ಟಿದ ಮೇಲೆ ದಿನವಿಡೀ ಎಂತ ಮಾಡುತ್ತಿದ್ದಿರಿ?

— ದಿನಕ್ಕೆ ಮೂರು ಸಲ ನೀರಿಗಿಳಿಯುವುದು, ನಡುವೆ ತಿನ್ನುವುದು, ಮಲಗುವುದು. ಕೇಳಲು ಅಷ್ಟೇ. ಆದರೆ ಪ್ರತಿ ಸಲ ಇಳಿಯುವ ಮೊದಲು ಗೈಡ್ ಒಂದು ಹಲಗೆಯ ಮೇಲೆ ಆ ಜಾಗದ ಚಿತ್ರ ಬರೆದು ತೋರಿಸುತ್ತಾನೆ. ಬಂಡೆ ಎಲ್ಲಿ, ಅದರ ನೆತ್ತಿ ಎಷ್ಟು ಆಳದಲ್ಲಿದೆ, ನೀರಿನ ಸೆಳೆತ ಯಾವ ಕಡೆಗಿದೆ, ಗುಂಪಿನಿಂದ ತಪ್ಪಿದರೆ ಏನು ಮಾಡಬೇಕು, ಎಲ್ಲ. ದೊಡ್ಡ ಬೋಟು ಕೊಲ್ಲಿಯಲ್ಲಿ ಲಂಗರು ಹಾಕಿ ನಿಲ್ಲುತ್ತದೆ. ನಾವು ಪಂಗಾ ಅನ್ನುವ ಸಣ್ಣ ದೋಣಿಯಲ್ಲಿ ಬಂಡೆಯ ತನಕ ಹೋಗಿ, ಅಂಚಿನಲ್ಲಿ ಕೂತು, ಎಲ್ಲರೂ ಒಟ್ಟಿಗೆ ಬೆನ್ನ ಮೇಲೆ ನೀರಿಗೆ ಬೀಳಬೇಕು. ಒಬ್ಬ ತಡಮಾಡಿದರೂ ಸೆಳೆತ ಅವನನ್ನು ಬೇರೆ ಕಡೆ ಒಯ್ಯುತ್ತದೆ.

— ಒಯ್ದರೆ?

— ಪ್ರತಿಯೊಬ್ಬರ ಹತ್ತಿರವೂ ಗಾಳಿ ತುಂಬಿ ಮೇಲೆ ಬಿಡುವ ಉದ್ದನೆಯ ಕಿತ್ತಳೆ ಬಣ್ಣದ ಚೀಲ ಇರುತ್ತದೆ. ಸೀಟಿ, ಕನ್ನಡಿ, ಸ್ಥಳ ತಿಳಿಸುವ ಸಣ್ಣ ರೇಡಿಯೋ ಕೂಡ. ಅಲೆಗಳ ನಡುವೆ ಮನುಷ್ಯನ ತಲೆ ಕಾಣುವುದಿಲ್ಲ. ನಿಮಗೆ ಹೇಳಬೇಕಾಗಿಲ್ಲ.

— ನಮ್ಮ ಬೋಟಿನಿಂದ ಒಬ್ಬ ಹುಡುಗ ರಾತ್ರಿ ಬಿದ್ದಿದ್ದ. ಸಿಕ್ಕಿದ, ದೇವರು ದೊಡ್ಡವನು. ಬೆಳಗಿನ ತನಕ ಹುಡುಕಿದ್ದೆವು. ಇರಲಿ, ನೀನು ಹೇಳು. ದ್ವೀಪ ಹೇಗುಂಟು?

— ಆಗುಂಬೆಯನ್ನು ಕಡಲಿನ ನಡುವೆ ತಂದಿಟ್ಟ ಹಾಗೆ. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ. ಬಂಡೆಯ ಗೋಡೆಗಳು ನೇರ ಕಡಲಿಗೆ ಇಳಿದಿವೆ, ಅವುಗಳ ಮೇಲಿಂದ ಜಲಪಾತಗಳು ಉಪ್ಪುನೀರಿಗೇ ಬೀಳುತ್ತವೆ. ಪೆಸಿಫಿಕ್ ಸಾಗರದ ಆ ಪೂರ್ವ ಭಾಗದಲ್ಲಿ ಉಷ್ಣವಲಯದ ಮಳೆಕಾಡು ಇರುವ ದ್ವೀಪ ಅದೊಂದೇ. ಅಲ್ಲಿನ ಒಂದು ಫಿಂಚ್, ಒಂದು ಕೋಗಿಲೆ ಜಾತಿಯ ಹಕ್ಕಿ, ಒಂದು ನೊಣಹಿಡುಕ ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲ. ಸಿಹಿನೀರು ಸಿಗುತ್ತದೆಂದು ಹಿಂದೆ ತಿಮಿಂಗಿಲ ಬೇಟೆಯ ಹಡಗುಗಳು, ಕಡಲ್ಗಳ್ಳರು ಎಲ್ಲರೂ ಅಲ್ಲಿ ನಿಲ್ಲುತ್ತಿದ್ದರು. ಬಂದವರು ಮುಂದಿನ ಸಲಕ್ಕೆ ಮಾಂಸ ಬೇಕೆಂದು ಹಂದಿ, ಆಡು ಬಿಟ್ಟುಹೋದರು. ಇವತ್ತಿಗೂ ಆ ಹಂದಿಗಳು ಕಾಡಿನ ನೆಲ ಅಗೆಯುತ್ತಿವೆ, ಮಣ್ಣು ಮಳೆಗೆ ಕೊಚ್ಚಿ ಕಡಲಿಗೆ ಹೋಗುತ್ತಿದೆ.

— ನಮ್ಮ ನೇತ್ರಾಣಿ ದ್ವೀಪದಲ್ಲೂ ಆಡುಗಳು ಉಂಟಲ್ಲ. ಹರಕೆಯದ್ದು. ಮೀನು ಸಿಗಲಿ, ಬೋಟು ಸುಖವಾಗಿ ಮರಳಲಿ ಅಂತ ಬಿಡುತ್ತಾರೆ. ನಾವು ತಿನ್ನಲು ಬಿಟ್ಟದ್ದಲ್ಲ.

— ಗೊತ್ತು. ನಾನು ಡೈವಿಂಗ್ ಕಲಿತದ್ದೂ ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗಿಯೇ. ಆ ಬಂಡೆಯ ಕೆಳಗೆ ಮೊದಲ ಸಲ ಮುಳುಗಿದಾಗ, ನಾನು ಚಿಕ್ಕಂದಿನಿಂದ ಧಕ್ಕೆಯಲ್ಲಿ ಮಂಜುಗಡ್ಡೆಯ ಮೇಲೆ ಮಾತ್ರ ಕಂಡಿದ್ದ ಮೀನುಗಳು ಕಣ್ಣೆದುರು ಓಡಾಡುತ್ತಿದ್ದವು. ಅವುಗಳ ಬಣ್ಣವೇ ಬೇರೆ ಇತ್ತು.

— ಕಡಲ್ಗಳ್ಳರು ಅಂದೆ. ಹೂತಿಟ್ಟ ಬಂಗಾರದ ಕಥೆ ಇದೆಯಾ ಹಾಗಾದರೆ?

— ಬೇಕಾದಷ್ಟು. 1820ರ ಸುಮಾರಿಗೆ ಪೆರುವಿನ ಲೀಮಾ ನಗರದಿಂದ ಸಾಗಿಸಿದ ಸಂಪತ್ತನ್ನು ಅಲ್ಲಿ ಹೂತಿದ್ದಾರೆ ಎಂಬ ನಂಬಿಕೆಯಿಂದ ನೂರಾರು ಜನ ಅಗೆದರು. ಔಗುಸ್ಟ್ ಗಿಸ್ಲರ್ ಅನ್ನುವ ಜರ್ಮನ್ 1889ರಿಂದ 1908ರ ತನಕ ಅಲ್ಲೇ ಬದುಕಿ ಅಗೆದ. ಸಿಕ್ಕಿದ್ದು ಕೆಲವೇ ನಾಣ್ಯ. ಆ ಕಥೆ ನನಗೆ ಹೆಚ್ಚು ಬೇಡ ದೊಡ್ಡಪ್ಪ. ಆ ದ್ವೀಪದ ಸಂಪತ್ತು ನೀರಿನ ಕೆಳಗಿದೆ, ಅದನ್ನು ಯಾರೂ ಹೂತಿಟ್ಟಿಲ್ಲ.

— ಹೇಳು, ಎಂತ ಕಂಡೆ?

— ಬಾಹೋ ಅಲ್ಸಿಯೋನೆ ಅಂತ ಒಂದು ಜಾಗ. ದಡದಿಂದ ದೂರ, ಮೇಲಿನಿಂದ ನೋಡಿದರೆ ಬರೀ ಕಡಲು. ಕೆಳಗೆ ಬಂಡೆಯ ದಿಬ್ಬ, ಅದರ ನೆತ್ತಿಯೇ ಇಪ್ಪತ್ತೈದು ಮೀಟರಿಗೂ ಕೆಳಗೆ. ಫ್ರಾನ್ಸಿನ ಜಾಕ್ ಕೂಸ್ತೋ ಅವರ ಹಡಗಿನ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಹಗ್ಗ ಹಿಡಿದು ಇಳಿಯುತ್ತೇವೆ. ಸೆಳೆತ ಜೋರಾಗಿದ್ದರೆ ಬಾವುಟದ ಹಾಗೆ ಅಡ್ಡಕ್ಕೆ ಹಾರುತ್ತೇವೆ. ತಳ ಮುಟ್ಟಿದ ಕೂಡಲೇ ಬಂಡೆಯ ಸಂದಿಯಲ್ಲಿ ಒರಗಿ, ಒಂದು ಕೈಯಲ್ಲಿ ಬಂಡೆ ಹಿಡಿದು ಸುಮ್ಮನಿರಬೇಕು. ಕೈಗವಸು ಬೇಕೇ ಬೇಕು, ಬಂಡೆ ತುಂಬ ಬಾರ್ನಕಲ್ ಚಿಪ್ಪು.

— ಅಡಗಿ ಕೂರುವುದು ಎಂತಕ್ಕೆ? ಅದು ಕಚ್ಚುತ್ತದಾ?

— ಇಲ್ಲ, ಅದಕ್ಕೇ ನಮ್ಮ ಭಯ. ಸುತ್ತಿಗೆ ತಲೆಯ ಶಾರ್ಕ್ ಎರಡೂವರೆ ಮೂರು ಮೀಟರ್ ಉದ್ದದ ಪ್ರಾಣಿ. ಆದರೂ ನಾವು ಬಿಡುವ ಗುಳ್ಳೆಯ ಸದ್ದು ಕೇಳಿದರೆ ಸಾಕು, ತಿರುಗಿ ಹೋಗುತ್ತದೆ. ನಿಧಾನ ಉಸಿರಾಡಬೇಕು. ಉಸಿರು ಕಟ್ಟುವ ಹಾಗೆ ಮಾತ್ರ ಇಲ್ಲ. ಬಂಡೆಯ ಮೇಲೆ ಹಳದಿ ಬಣ್ಣದ ಸಣ್ಣ ಮೀನುಗಳ ಗುಂಪು ಇರುತ್ತದೆ, ಬಾರ್ಬರ್‌ಫಿಶ್ ಅಂತ. ಶಾರ್ಕಿನ ಮೈಗೆ ಹತ್ತಿದ ಪರೋಪಜೀವಿಗಳನ್ನು ಅವು ಕಿತ್ತು ತಿನ್ನುತ್ತವೆ. ಅದಕ್ಕಾಗಿಯೇ ಶಾರ್ಕ್ ಆ ಬಂಡೆಗೆ ಬರುವುದು. ಮೊದಲು ಒಂದು ಬಂತು. ವೇಗ ತಗ್ಗಿಸಿತು, ಮೈಯನ್ನು ಸ್ವಲ್ಪ ವಾಲಿಸಿತು. ಮೀನುಗಳು ಅದರ ಕಿವಿರಿನ ಸುತ್ತ ಮುತ್ತಿಕೊಂಡವು. ಇಲ್ಲಿಂದ ಆ ಮಾಡಿನ ಕಂಬ ಇರುವಷ್ಟೇ ದೂರದಲ್ಲಿತ್ತು. ಅದರ ಕಣ್ಣು ತಲೆಯ ತುತ್ತತುದಿಯಲ್ಲಿ, ನನ್ನನ್ನೇ ನೋಡುತ್ತಿತ್ತು. ಆಮೇಲೆ ತಲೆಯೆತ್ತಿ ನೋಡಿದರೆ, ಮೇಲೆ ಬೆಳಕಿಗೆ ಎದುರಾಗಿ ಸಾಲು ಸಾಲು. ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿ, ಸೆಳೆತಕ್ಕೆ ಎದುರಾಗಿ, ಬಾಲ ಬೀಸುತ್ತ. ಮಾಸ್ಕ್ ಒಳಗೆ ನನಗೆ ಅಳು ಬಂತು ದೊಡ್ಡಪ್ಪ. ಅಷ್ಟು ದೊಡ್ಡ ಜೀವಗಳು ಅಷ್ಟು ಸಂಖ್ಯೆಯಲ್ಲಿ ಇನ್ನೂ ಬದುಕಿವೆಯಲ್ಲ ಎಂಬ ಸಂತೋಷಕ್ಕೆ.

— ಆ ತಲೆ ಹಾಗೆ ಯಾಕೆ? ನಾನು ಅಷ್ಟು ವರ್ಷ ಬಲೆಯಿಂದ ಬಿಡಿಸಿ ಎಸೆದಿದ್ದೇನೆ, ಯಾರನ್ನೂ ಕೇಳಿರಲಿಲ್ಲ.

— ಆ ಅಗಲದ ತಲೆಯ ಅಡಿಯಲ್ಲಿ ಸಣ್ಣ ಸಣ್ಣ ರಂಧ್ರಗಳಿವೆಯಲ್ಲ, ಅವುಗಳಿಂದ ಬೇರೆ ಜೀವಿಗಳ ಮೈಯ ವಿದ್ಯುತ್ತನ್ನು ಗುರುತಿಸುತ್ತದೆ. ಮರಳಿನ ಕೆಳಗೆ ಹೂತುಕೊಂಡ ತೊರಕೆಯನ್ನೂ ಹುಡುಕುತ್ತದೆ. ಪೀಟರ್ ಕ್ಲಿಮ್ಲಿ ಅನ್ನುವ ವಿಜ್ಞಾನಿ ಮೆಕ್ಸಿಕೊದ ಕ್ಯಾಲಿಫೋರ್ನಿಯಾ ಕೊಲ್ಲಿಯಲ್ಲಿ ಅವುಗಳಿಗೆ ಸದ್ದು ಹೊರಡಿಸುವ ಟ್ಯಾಗ್ ಕಟ್ಟಿ ರಾತ್ರಿಯೆಲ್ಲ ಬೆನ್ನುಹತ್ತಿದರು. ಹಗಲು ಒಂದು ಮುಳುಗಿದ ದಿಬ್ಬದ ಸುತ್ತ ಹಿಂಡಾಗಿರುತ್ತವೆ. ಕತ್ತಲಾದ ಮೇಲೆ ಒಂದೊಂದೇ ತೆರೆದ ಕಡಲಿಗೆ ಬೇಟೆಗೆ ಹೋಗಿ, ಬೆಳಗಾಗುವಾಗ ಅದೇ ದಿಬ್ಬಕ್ಕೆ ಮರಳುತ್ತವೆ. ಭೂಮಿಯ ಕಾಂತಗುಣದ ಏರಿಳಿತವನ್ನೇ ಹಾದಿ ಮಾಡಿಕೊಂಡು ಅವು ಸಾಗುತ್ತವೆ ಎಂದು 1993ರಲ್ಲಿ ಬರೆದರು. ರಾತ್ರಿ ದ್ವೀಪ ಬಿಟ್ಟು ಹೋಗುತ್ತವೆ ಅನ್ನುವುದನ್ನು ನೆನಪಿಡಿ, ಮುಂದೆ ಅದೇ ಮುಖ್ಯ.

— ಅಷ್ಟು ಆಳದಿಂದ ಮೇಲೆ ಬರುವಾಗ ನಿನಗೆ ತೊಂದರೆ ಆಗುವುದಿಲ್ಲವಾ? ಆಳದಲ್ಲಿ ಗಾಳಕ್ಕೆ ಬಿದ್ದ ಮುರು ಮೀನನ್ನು ಎಳೆದರೆ, ಮೇಲೆ ಬರುವಷ್ಟರಲ್ಲಿ ಅದರ ಗಾಳಿಚೀಲ ಉಬ್ಬಿ ಜಠರ ಬಾಯಿಂದ ಹೊರಗೆ ಬಂದಿರುತ್ತದೆ.

— ಅದೇ ಕಾರಣಕ್ಕೆ ಉಸಿರು ಕಟ್ಟಬಾರದು ಅಂದದ್ದು. ಮೇಲೆ ಬಂದಷ್ಟೂ ಒತ್ತಡ ಇಳಿಯುತ್ತದೆ, ಶ್ವಾಸಕೋಶದ ಗಾಳಿ ಹಿಗ್ಗುತ್ತದೆ, ಅದಕ್ಕೆ ಹೊರಹೋಗಲು ದಾರಿ ಬೇಕು. ಇನ್ನೊಂದು ಅಪಾಯ ಕಾಣದ್ದು. ಒತ್ತಡದಲ್ಲಿ ಉಸಿರಾಡಿದಾಗ ಸಾರಜನಕ ರಕ್ತಕ್ಕೆ, ಮಾಂಸಕ್ಕೆ ಇಳಿದಿರುತ್ತದೆ. ಬೇಗ ಏರಿದರೆ ಅದು ಮೈಯೊಳಗೇ ಗುಳ್ಳೆಯಾಗಿ ಕೀಲು ನೋವಿನಿಂದ ಹಿಡಿದು ಪಾರ್ಶ್ವವಾಯುವಿನ ತನಕ ಏನನ್ನೂ ತರಬಹುದು. ಅದಕ್ಕೆ ನಿಮಿಷಕ್ಕೆ ಒಂಬತ್ತು ಹತ್ತು ಮೀಟರಿಗಿಂತ ವೇಗವಾಗಿ ಏರುವಂತಿಲ್ಲ, ಐದು ಮೀಟರಿನಲ್ಲಿ ಮೂರು ನಿಮಿಷವಾದರೂ ನಿಲ್ಲಬೇಕು. ಸಿಲಿಂಡರಿನಲ್ಲೂ ಬರೀ ಗಾಳಿಯಲ್ಲ, ಆಮ್ಲಜನಕವನ್ನು ಶೇಕಡ 32ಕ್ಕೆ ಏರಿಸಿದ ನೈಟ್ರಾಕ್ಸ್. ಸಾರಜನಕ ಕಡಿಮೆಯಾದಷ್ಟೂ ಕೆಳಗೆ ಹೆಚ್ಚು ಹೊತ್ತು ಇರಬಹುದು. ಆದರೆ ಆ ಮಿಶ್ರಣ ಉಸಿರಾಡುತ್ತ ಸುಮಾರು 33 ಮೀಟರಿಗಿಂತ ಕೆಳಗೆ ಹೋಗುವಂತಿಲ್ಲ. ಅಲ್ಲಿಂದಾಚೆಗೆ ಆಮ್ಲಜನಕವೇ ವಿಷವಾಗುತ್ತದೆ.

— ಹೆಚ್ಚುಕಮ್ಮಿ ಆದರೆ ಆಸ್ಪತ್ರೆ?

— 36 ಗಂಟೆ ದೂರ. ಹಾಗಾಗಿ ಅಲ್ಲಿಗೆ ಹೊಸಬರನ್ನು ಒಯ್ಯುವುದಿಲ್ಲ, ಒಯ್ಯಲೂಬಾರದು. ಈಜಲು ಬಂದರೆ ಸಾಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನೀರಿನಲ್ಲಿ ಒಂದೇ ಮಟ್ಟದಲ್ಲಿ ನಿಲ್ಲಲು, ಸೆಳೆತದಲ್ಲಿ ದಮ್ಮು ಕಳೆದುಕೊಳ್ಳದೆ ಇರಲು, ಚೀಲ ಮೇಲೆ ಬಿಡಲು ಕೈ ಪಳಗಿರಬೇಕು. ಇನ್ನು ಶಾರ್ಕಿನ ಅಪಾಯವೂ ಇಲ್ಲವೇ ಇಲ್ಲ ಅನ್ನಲಾರೆ. 2017ರ ನವೆಂಬರಿನಲ್ಲಿ ಹುಲಿ ಶಾರ್ಕ್ ಒಂದು ಡೈವಿಂಗ್ ಗುಂಪಿನ ಮೇಲೆ ಬಂದು ಒಬ್ಬರು ಪ್ರಾಣ ಕಳೆದುಕೊಂಡರು, ಗೈಡ್ ಗಾಯಗೊಂಡ. ಅದು ಅವರ ಮನೆಯವರಿಗೆ ತೀರದ ನಷ್ಟ. ಆದರೆ ಅದಾದ ಮೇಲೂ ಆ ಶಾರ್ಕನ್ನು ಕೊಲ್ಲುವುದು ಸರಿಯಲ್ಲ ಎಂದೇ ನಾನು ತಿಳಿದಿದ್ದೇನೆ. ನಾವು ಅದರ ಜಾಗಕ್ಕೆ ಹೋಗಿದ್ದೇವೆ.

— ಇಷ್ಟೆಲ್ಲ ಕೇಳಿದ ಮೇಲೂ ನನ್ನ ಮೊದಲ ಪ್ರಶ್ನೆ ಹಾಗೇ ಉಳಿದಿದೆ. ಒಬ್ಬೊಬ್ಬರು ಐದಾರು ಲಕ್ಷಕ್ಕೂ ಮೇಲೆ ಸುರಿದು, ವಿಮಾನ ಹತ್ತಿ, ಡೀಸೆಲ್ ಸುಟ್ಟು, ಮೀನು ನೋಡಿ ಬರುತ್ತೀರಿ. ಕಡಲಿಗೆ ಅದರಿಂದ ಎಂತ ಬಂತು?

— ಒಂದು ಲೆಕ್ಕ ಬಂತು. ಅದನ್ನು ಹೇಳಲೇಬೇಕು ಅಂತಲೇ ಇವತ್ತು ನಿಮ್ಮ ಹತ್ತಿರ ಕೂತದ್ದು. ಆ ಬೋಟುಗಳ ಗೈಡ್‌ಗಳು ಪ್ರತಿ ಡೈವ್ ಆದ ಮೇಲೆ ಪುಸ್ತಕದಲ್ಲಿ ಬರೆದಿಡುತ್ತಾರೆ. ಎಲ್ಲಿ ಇಳಿದೆವು, ನೀರು ಎಷ್ಟು ತಿಳಿಯಾಗಿತ್ತು, ಸೆಳೆತ ಹೇಗಿತ್ತು, ಯಾವ ಶಾರ್ಕ್ ಎಷ್ಟು ಕಂಡವು, ಯಾವ ತೊರಕೆ ಎಷ್ಟು. ಒಂದೇ ಸಂಸ್ಥೆಯ ಗೈಡ್‌ಗಳು 1993ರಿಂದ 2013ರ ತನಕ ಹಾಗೆ ಬರೆದದ್ದು 27,527 ಡೈವ್‌ಗಳ ದಾಖಲೆ. ಕೆನಡಾದ ಸಂಶೋಧಕರು ಅದನ್ನು ಕೂತು ಲೆಕ್ಕ ಹಾಕಿ 2015ರಲ್ಲಿ ಪ್ರಕಟಿಸಿದರು. ಆ ಇಪ್ಪತ್ತೊಂದು ವರ್ಷಗಳಲ್ಲಿ ಸುತ್ತಿಗೆ ತಲೆಗಳು ಶೇಕಡ 45ರಷ್ಟು ಇಳಿದಿದ್ದವು. ಬಿಳಿತುದಿ ರೀಫ್ ಶಾರ್ಕ್ ಶೇಕಡ 77, ದೊಡ್ಡ ಮಾಂಟಾ ತೊರಕೆ ಶೇಕಡ 89. ಹುಲಿ ಶಾರ್ಕಿನಂಥ ಕೆಲವು ಮಾತ್ರ ಹೆಚ್ಚಿದ್ದವು.

— ಅರ್ಧಕ್ಕರ್ಧ! ಆದರೆ ಅದು ಪಾರ್ಕ್ ಅಂದೆಯಲ್ಲ?

— 1978ರಿಂದ ರಾಷ್ಟ್ರೀಯ ಉದ್ಯಾನ, 1997ರಿಂದ ಯುನೆಸ್ಕೋದ ವಿಶ್ವ ಪರಂಪರೆ ತಾಣ. ಲೋಕದಲ್ಲಿ ಅತಿ ಚೆನ್ನಾಗಿ ಕಾಯ್ದ ಕಡಲುಗಳಲ್ಲಿ ಒಂದು ಎಂದು ಹೆಸರು. ನೋಡಲು ಹೋದವರೆಲ್ಲ, ಆಹಾ, ಎಷ್ಟೊಂದು ಶಾರ್ಕ್ ಅಂದುಕೊಂಡೇ ಮರಳುತ್ತಿದ್ದರು. ನಾನೂ ಹಾಗೆಯೇ ಅಂದುಕೊಳ್ಳುತ್ತಿದ್ದೆ. ಒಂದು ಸಲ ಹೋದವರ ಕಣ್ಣಿಗೆ ಇಳಿಕೆ ಕಾಣುವುದೇ ಇಲ್ಲ. ವರ್ಷದ ಮೇಲೆ ವರ್ಷ ಅದೇ ಬಂಡೆಗೆ ಇಳಿದು, ಕಂಡದ್ದನ್ನು ಬರೆದವರ ಪುಸ್ತಕದಲ್ಲಿ ಮಾತ್ರ ಅದು ಕಂಡಿತು. ವಿಜ್ಞಾನಿಗಳ ಹಡಗು ಅಲ್ಲಿಗೆ ಅಪರೂಪಕ್ಕೆ ಹೋಗುತ್ತದೆ, ಲಿವ್‌ಅಬೋರ್ಡ್ ಬೋಟುಗಳು ವರ್ಷವಿಡೀ ಹೋಗುತ್ತವೆ.

— ಇಳಿದದ್ದು ಯಾಕೆ? ಕಾವಲು ಇದ್ದರೂ?

— ಆಗ ಕಾವಲಿದ್ದ ನೀರು ದ್ವೀಪದ ಸುತ್ತ ಹೆಚ್ಚೆಂದರೆ 12 ನಾಟಿಕಲ್ ಮೈಲು. ರಾತ್ರಿ ಬೇಟೆಗೆ ಹೋದ ಶಾರ್ಕ್ ಆ ಗೆರೆ ದಾಟಿದರೆ ಅದಕ್ಕೆ ದಿಕ್ಕಿಲ್ಲ. ಗೆರೆಯ ಹೊರಗೆ ಮೈಲುಗಟ್ಟಲೆ ಹಗ್ಗಕ್ಕೆ ನೂರಾರು ಗಾಳ ಕಟ್ಟಿ ಬಿಟ್ಟಿರುತ್ತಾರೆ. ಕೆಲವರು ಗೆರೆಯ ಒಳಗೂ ಬಿಡುತ್ತಾರೆ. ಟ್ಯೂನಾಕ್ಕೆ ಹಾಕಿದ ಗಾಳಕ್ಕೆ ಶಾರ್ಕ್ ಬೀಳುತ್ತದೆ, ಅದರ ರೆಕ್ಕೆಗೂ ಬೆಲೆ ಇದೆ. ದ್ವೀಪದ ವೇಫರ್ ಕೊಲ್ಲಿಯಲ್ಲಿ ಒಂದು ತೂಗುಸೇತುವೆ ನೋಡಿದೆ. ಕಾವಲುಗಾರರು ವಶಪಡಿಸಿಕೊಂಡ ಬಲೆ, ಗಾಳದ ಹಗ್ಗ, ತೇಲುಬುಗ್ಗೆಗಳಿಂದಲೇ ಅದನ್ನು ಕಟ್ಟಿದ್ದಾರೆ.

— ಆ ಹಗ್ಗ ಯಾರದ್ದೋ ಮನೆಯ ಅನ್ನ. ಹಿಡಿದ ಬೋಟಿನಲ್ಲಿದ್ದವನೂ ನನ್ನಂಥ ತಾಂಡೇಲನೇ, ಬೋಟು ನಡೆಸುವವನು. ಸಾಲ ಮಾಡಿ ಡೀಸೆಲ್ ಹಾಕಿ ಬಂದಿರುತ್ತಾನೆ. ಬೋಟಿನ ಯಜಮಾನ ದಡದಲ್ಲಿರುತ್ತಾನೆ, ಸಿಕ್ಕಿಬೀಳುವವನು ಇವನು. ಆ ಸೇತುವೆಯ ಮೇಲೆ ನಿಂತು ಫೋಟೋ ತೆಗೆಯುವುದು ನನ್ನಿಂದಾಗದು.

— ನೀವು ಹೇಳಿದ್ದು ನ್ಯಾಯ. ನನಗೂ ಪುಂತಾರೇನಾಸಿನಲ್ಲೇ ಅದು ಮನಸ್ಸಿಗೆ ಬಂತು. ನಮ್ಮ ಬೋಟು ಹೊರಟ ಊರಿನಿಂದಲೇ ಆ ಉದ್ದ ಗಾಳದ ಬೋಟುಗಳೂ ಹೊರಡುತ್ತವೆ. ಒಂದರಲ್ಲಿ ಶಾರ್ಕ್ ನೋಡಲು ದುಡ್ಡು ಕೊಟ್ಟವರು, ಇನ್ನೊಂದರಲ್ಲಿ ಅದು ಗಾಳಕ್ಕೆ ಬಿದ್ದರೆ ನಾಲ್ಕು ಕಾಸು ಕಾಣುವವರು. ಆದರೆ ದೊಡ್ಡಪ್ಪ, ಇದನ್ನು ಬೂತಾಯಿಯ ಹಾಗೆ ಎಣಿಸಲು ಆಗುವುದಿಲ್ಲ. ಬೂತಾಯಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ, ಒಂದು ವರ್ಷ ಹೋದರೆ ಇನ್ನೊಂದು ವರ್ಷ ಬರುತ್ತದೆ. ಸುತ್ತಿಗೆ ತಲೆ ಮರಿ ಹಾಕುವ ಪ್ರಾಣಿ. ಬಸಿರು ಒಂದು ವರ್ಷದ ಹತ್ತಿರ, ಒಂದು ಸಲಕ್ಕೆ ಹನ್ನೆರಡರಿಂದ ನಲವತ್ತರ ತನಕ ಮರಿ. ಹೆಣ್ಣು ಬೆಳೆದು ಬಸಿರಾಗಲು ಹತ್ತಕ್ಕೂ ಹೆಚ್ಚು ವರ್ಷ ಬೇಕು. ಗಾಳದವನ ಕೈಯಲ್ಲಿ ಇವತ್ತು ಅನ್ನವೂ ಇರಲಾರದು, ನಾಳೆ ಶಾರ್ಕೂ ಇರಲಾರದು. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ 2019ರಲ್ಲಿ ಈ ಜಾತಿಯನ್ನು ಅಳಿವಿನ ತೀವ್ರ ಅಪಾಯದಲ್ಲಿರುವ ಪಟ್ಟಿಗೆ ಸೇರಿಸಿತು.

— ಹಾಗಾದರೆ ಗೆರೆಯನ್ನು ದೂರಕ್ಕೆ ಎಳೆಯಬೇಕಲ್ಲ.

— ಎಳೆದರು. 2021ರ ಡಿಸೆಂಬರಿನಲ್ಲಿ ಕೋಸ್ಟರಿಕಾದ ಅಧ್ಯಕ್ಷರು ಸಹಿ ಹಾಕಿ, ಸುಮಾರು 2,000 ಚದರ ಕಿಲೋಮೀಟರ್ ಇದ್ದ ಉದ್ಯಾನವನ್ನು ಸುಮಾರು 54,800ಕ್ಕೆ ಹಿಗ್ಗಿಸಿದರು. ಅದರಾಚೆ ಒಂದು ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚಿನ ಕಡಲಿನಲ್ಲಿ ಮೀನುಗಾರಿಕೆಗೆ ನಿಯಮ ಹಾಕಿದರು. ಮರುತಿಂಗಳೇ, 2022ರ ಜನವರಿಯಲ್ಲಿ, ಎಕ್ವಡಾರ್ ತನ್ನ ಗಲಪಗೋಸ್ ಕಡೆಯಿಂದ 60,000 ಚದರ ಕಿಲೋಮೀಟರಿನ ಹೊಸ ರಕ್ಷಿತ ಕಡಲನ್ನು ಸೇರಿಸಿತು. ಅದರಲ್ಲಿ ಅರ್ಧ ಭಾಗದಲ್ಲಿ ಮೀನು ಹಿಡಿಯುವುದೇ ಇಲ್ಲ, ಉಳಿದರ್ಧದಲ್ಲಿ ಉದ್ದ ಗಾಳ ಇಲ್ಲ. ಟ್ಯಾಗ್ ಕಟ್ಟಿದ ಶಾರ್ಕ್, ಆಮೆಗಳು ಕೋಕೋಸ್ ಮತ್ತು ಗಲಪಗೋಸ್ ದ್ವೀಪಗಳ ನಡುವೆ ಓಡಾಡುತ್ತವೆ ಎಂದು ಗೊತ್ತಾದ ಮೇಲೆ, ಬರೀ ದ್ವೀಪ ಕಾಯ್ದರೆ ಸಾಲದು, ಅವುಗಳ ದಾರಿಯನ್ನೂ ಕಾಯಬೇಕು ಎಂಬ ಮಾತು ಬಂತು. ದಾರಿ ಅಷ್ಟೇ ಅಲ್ಲ, ತೊಟ್ಟಿಲನ್ನೂ. ಮರಿಗಳು ಹುಟ್ಟುವುದು ಕೋಕೋಸಿನಲ್ಲಲ್ಲ. ಮುಖ್ಯನೆಲದ ಗೊಲ್ಫೊ ದುಲ್ಸೆ ಕೊಲ್ಲಿಯಂಥ ಕಡೆ, ಕಾಂಡ್ಲಾ ಕಾಡಿನ ಅಂಚಿನ ಕೆಸರು ನೀರಿನಲ್ಲಿ. ಆ ಕೊಲ್ಲಿಯನ್ನು 2018ರಲ್ಲಿ ಸುತ್ತಿಗೆ ತಲೆಗಳ ಅಭಯಧಾಮ ಮಾಡಿದರು. 2023ರಲ್ಲಿ ಕೋಸ್ಟರಿಕಾ ಅವುಗಳನ್ನು ಹಿಡಿಯುವುದನ್ನೇ ನಿಷೇಧಿಸಿತು.

— ಕಾನೂನು ಬರೆಯುವುದು ಸುಲಭ. ಅಷ್ಟು ದೊಡ್ಡ ಕಡಲನ್ನು ಕಾಯುವವರು ಯಾರು?

— ಅದು ಇನ್ನೂ ಕಷ್ಟದ್ದೇ. ಕೈಬೆರಳೆಣಿಕೆಯ ಕಾವಲು ದೋಣಿಗಳಿಂದ ಆಗುವ ಕೆಲಸವಲ್ಲ. ಸಮುದ್ರದ ನೀರು ಬಿಸಿಯಾದರೆ ಯಾವ ಕಾವಲೂ ಸಾಲದು. ಎಲ್‌ ನಿನೊ ಬಂದ ವರ್ಷ ಸುತ್ತಿಗೆ ತಲೆಗಳು ತಣ್ಣೀರು ಹುಡುಕಿ ಆಳಕ್ಕೆ ಇಳಿಯುತ್ತವೆ, ನಮ್ಮ ಬಂಡೆಗಳು ಬರಿದಾಗುತ್ತವೆ. ಆದರೂ ಆ 27,527 ಡೈವ್‌ಗಳ ಲೆಕ್ಕ ಇಲ್ಲದೆ ಹೋಗಿದ್ದರೆ ಶಾರ್ಕ್ ಇಳಿದಿದೆ ಅನ್ನುವುದು ಬರೀ ಬಾಯಿಮಾತಾಗುತ್ತಿತ್ತು. ಆ ದುಡ್ಡು ಕೊಟ್ಟವರ ಋಣ ಅಷ್ಟರಮಟ್ಟಿಗೆ ಕಡಲಿಗೆ ಸಂದಿದೆ. ಎಲ್ಲರದ್ದೂ ಸಂದಿಲ್ಲ. ಬರೀ ಫೋಟೋ ತೆಗೆದು ಬರುವವರಿಗೆ ನೀವು ಕೇಳಿದ ಪ್ರಶ್ನೆಗೆ ಉತ್ತರವಿಲ್ಲ.

— ನೀನು ಹೇಳುವ ಆ ಕೆಸರು ನೀರಿನ ಮರಿಗಳು, ಒಂದೂವರೆ ಅಡಿ ಉದ್ದ, ಬೂದು ಬಣ್ಣ, ಅಲ್ಲವಾ? ನಮ್ಮ ಟ್ರಾಲ್ ಬಲೆಗೂ ಬರುತ್ತವೆ. ಶಾರ್ಕಿಗೆ ನಾವು ತಾಟೆ ಅನ್ನುವುದು. ದೊಡ್ಡ ತಾಟೆ ಬಂದರೆ ಒಂದು ಕಾಲದಲ್ಲಿ ಧಕ್ಕೆಯಲ್ಲಿ ಜನ ಸೇರುತ್ತಿದ್ದರು. ರೆಕ್ಕೆ ಕೊಳ್ಳುವವರು ಬೇರೆಯೇ ಬರುತ್ತಿದ್ದರು, ಮಾಂಸಕ್ಕಿಂತ ಅದಕ್ಕೇ ಬೆಲೆ. ಒಣಗಿಸಿ ಹೊರದೇಶಕ್ಕೆ ಕಳಿಸುತ್ತಿದ್ದರು.

— ಅದೇ ಜಾತಿ ದೊಡ್ಡಪ್ಪ. ನಮ್ಮ ಅರಬ್ಬಿ ಕಡಲಿನದ್ದೂ, ಕೋಕೋಸಿನದ್ದೂ. 2015ರಲ್ಲಿ ನಮ್ಮ ದೇಶ ಎಲ್ಲ ಬಗೆಯ ಶಾರ್ಕ್ ರೆಕ್ಕೆಯ ರಫ್ತನ್ನು ನಿಲ್ಲಿಸಿತು.

— ಹೌದು, ಆಮೇಲೆ ಆ ವ್ಯಾಪಾರಿಗಳು ಕಾಣಲಿಲ್ಲ. ಆದರೆ ಮರಿಗಳು ಈಗಲೂ ಬಲೆಗೆ ಬೀಳುತ್ತವೆ. ನಾವು ಅದಕ್ಕೆಂದೇ ಬಲೆ ಬೀಸುವುದಿಲ್ಲ, ಬಿದ್ದದ್ದನ್ನು ಎಂತ ಮಾಡುವುದು? ಹೆಚ್ಚಿನವು ಮೇಲೆ ಬರುವಾಗಲೇ ಸತ್ತಿರುತ್ತವೆ. ದೊಡ್ಡವು ನಾನು ಬೋಟು ಬಿಡುವ ಹೊತ್ತಿಗೆ ಅಪರೂಪವಾಗಿದ್ದವು. ಕಾರ್ತಿಕ ಕಳೆದ ಮೇಲೆ ಎಲ್ಲಿ ಸಿಗುತ್ತಿದ್ದವು, ಎಷ್ಟು ಮಾರು ಆಳದಲ್ಲಿ, ನೀರು ಯಾವ ಬಣ್ಣ ಇದ್ದಾಗ, ಎಲ್ಲ ನನಗೆ ಗೊತ್ತು.

— ಎಲ್ಲಾದರೂ ಬರೆದಿದ್ದೀರಾ?

— ನಾನಾ? ತಲೆಯಲ್ಲಿ ಉಂಟು. ತಾಂಡೇಲ ಎಂಥದ್ದಕ್ಕೆ ಬರೆಯುತ್ತಾನೆ? ಜಾಗ ಬೇರೆಯವರಿಗೆ ಗೊತ್ತಾದರೆ ಹೊಟ್ಟೆಗೆ ಏಟು.

— ಬೂತಾಯಿ, ಬಂಗುಡೆಯ ಜಾಗ ಬರೆಯಬೇಡಿ, ಅದು ನಿಮ್ಮದು. ತಾಟೆಯದ್ದು ಮಾತ್ರ ಬರೆಸಿ. ಗುಜರಾತಿನ ವೇರಾವಲ್ ಕಡೆ ಒಂದು ಕಾಲದಲ್ಲಿ ತಿಮಿಂಗಿಲ ಶಾರ್ಕನ್ನು ನೂರಾರು ಸಂಖ್ಯೆಯಲ್ಲಿ ಕೊಲ್ಲುತ್ತಿದ್ದರು. 2001ರಲ್ಲಿ ಕಾನೂನು ಬಂತು. ಅದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಅಲ್ಲಿನ ಮೀನುಗಾರರೇ. ಬಲೆಗೆ ಬಿದ್ದದ್ದನ್ನು ತಮ್ಮ ಬಲೆ ಕತ್ತರಿಸಿ ಬಿಟ್ಟರು, ಹರಿದ ಬಲೆಗೆ ಸರಕಾರ ಪರಿಹಾರ ಕೊಟ್ಟಿತು. ಈಗ ಕೊಲ್ಲುತ್ತಿದ್ದ ಕೈಗಳೇ ಅದನ್ನು ಬಿಡುತ್ತಿವೆ. ಕೋಕೋಸಿನಲ್ಲಿ ಲೆಕ್ಕ ಬರೆದವರು ಡೈವಿಂಗ್ ಗೈಡ್‌ಗಳು, ಯಾಕೆಂದರೆ ಅಲ್ಲಿ ದಿನವೂ ಕಡಲಿನಲ್ಲಿ ಇರುವವರು ಅವರು. ನಮ್ಮ ಕಡಲಿನಲ್ಲಿ ದಿನವೂ ಇರುವವರು ನೀವು. ನೇತ್ರಾಣಿಗೆ ರಜೆಯ ದಿನ ಹೋಗಿಬರುವ ನನ್ನಂಥವರಿಗೆ ಗೊತ್ತಾಗುವುದು ಬಂಡೆಯ ಸುತ್ತಲಿನ ಒಂದಿಷ್ಟು ನೀರು ಮಾತ್ರ. ನಮ್ಮ ಸುತ್ತಿಗೆ ತಲೆಗಳು ಎಲ್ಲಿ ಮರಿ ಹಾಕುತ್ತವೆ ಅನ್ನುವುದನ್ನು ತೋರಿಸಿಕೊಡಬಲ್ಲವರು ಟ್ರಾಲ್ ಬೋಟಿನವರು.

— ಬರೆದರೆ, ನಾಳೆ ಅದೇ ಜಾಗಕ್ಕೆ ಬೋಟು ಹೋಗಬಾರದು ಅಂತಾರೆ.

— ಅನ್ನಬಹುದು. ಆ ಭಯ ಸುಳ್ಳಲ್ಲ. ಅದಕ್ಕೇ ಬರೆಯುವವರು ನೀವೇ ಆಗಿರಬೇಕು ಅನ್ನುವುದು. ಮರಿ ಹಾಕುವ ತಿಂಗಳು ಯಾವುದು, ಜಾಗ ಎಷ್ಟು ಅಗಲ ಅನ್ನುವುದು ಮೀನುಗಾರರ ಕೈಯಲ್ಲೇ ಬರಹದಲ್ಲಿದ್ದರೆ, ಆ ಒಂದು ತಿಂಗಳು ಆ ಒಂದು ತುಂಡು ಕಡಲನ್ನು ಬಿಟ್ಟರೆ ಸಾಕು ಎಂದು ವಾದಿಸಲು ಆಧಾರ ಇರುತ್ತದೆ. ಇಲ್ಲದಿದ್ದರೆ ಎಲ್ಲೋ ಕೂತವರು ನಕ್ಷೆಯ ಮೇಲೆ ಗೆರೆ ಎಳೆಯುತ್ತಾರೆ, ಆಗ ನಿಮ್ಮ ಮಾತನ್ನು ಯಾರೂ ಕೇಳುವುದಿಲ್ಲ.

— ಎಲ್ಲಿಗೆ ಕೊಡುವುದು ಅದನ್ನು?

— ಮಂಗಳೂರಿನಲ್ಲಿ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರ ಇದೆ. ಅವರ ಜನ ಧಕ್ಕೆಗೆ ಬಂದು ಮೀನಿನ ಲೆಕ್ಕ ತೆಗೆದುಕೊಳ್ಳುವುದನ್ನು ನೀವೂ ನೋಡಿದ್ದೀರಿ. ಅವರಿಗೆ ಸಿಗುವುದು ದಡಕ್ಕೆ ಬಂದ ಮೀನು. ಎಲ್ಲಿ, ಎಷ್ಟು ಆಳದಲ್ಲಿ, ಯಾವ ದಿನ ಬಲೆಗೆ ಬಿತ್ತು ಎಂದು ತಿಳಿದವರು ಬೋಟಿನಲ್ಲಿದ್ದವರು. ಪ್ರತಿ ಬೋಟಿನಲ್ಲೂ ಜಿಪಿಎಸ್ ಇದೆ, ಎಲ್ಲ ಹುಡುಗರ ಕೈಯಲ್ಲೂ ಮೊಬೈಲ್ ಇದೆ. ಒಂದು ಫೋಟೋ, ಒಂದು ಸ್ಥಳ, ಒಂದು ದಿನಾಂಕ. ಅಷ್ಟು ಸಾಕು.

— ಆಗಸ್ಟ್ ಒಂದಕ್ಕೆ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗೆ ಇಳಿಯುತ್ತವೆ. ಅದಕ್ಕೆ ಮೊದಲು ಧಕ್ಕೆಯಲ್ಲಿ ಹುಡುಗರ ಜೊತೆ ನೀನೇ ಮಾತಾಡು. ನಾನು ಪಕ್ಕದಲ್ಲಿ ಕೂರುತ್ತೇನೆ. ಒಂದು ನೋಟ್‌ಬುಕ್ ತಗೊಂಡು ಬಾ, ನನಗೆ ಗೊತ್ತಿರುವುದನ್ನು ಮೊದಲು ಬರೆದುಕೋ. ಮಾರು, ದಿಕ್ಕು, ತಿಂಗಳು, ಒಂದೊಂದಾಗಿ ಹೇಳುತ್ತೇನೆ.